ಬರೆದದ್ದೆಲ್ಲ ಎಲ್ಲಿಗೆ ಹೋಗ್ತದೆ? ಊರಿನ ಆರೋಗ್ಯ ಮಾಹಿತಿ ಹಂಚಿಕೊಳ್ಳುವವರಿಗೆ ಒಂದು ಮಾರ್ಗದರ್ಶಿ

ಕಾಸರಗೋಡಿನ ಎಣ್ಮಕಜೆ ಕಡೆಯ ಒಂದು ಮನೆ. ಜಗಲಿಯಲ್ಲಿ ಕೂತು ಫಾರಂ ತುಂಬಿಸುತ್ತಿದ್ದೆ. ಹೆಸರು, ವಯಸ್ಸು, ಮಕ್ಕಳೆಷ್ಟು, ಕುಡಿಯುವ ನೀರು ಬಾವಿಯದ್ದಾ ಸುರಂಗದ್ದಾ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು), ಯಾರಿಗೆ ಏನು ಕಾಯಿಲೆ. ಮನೆಯ ಅಕ್ಕ ನಡುನಡುವೆ ಒಳಗೆ ಹೋಗಿ ಒಲೆ ನೋಡಿ ಬಂದು ಉತ್ತರ ಕೊಡುತ್ತಿದ್ದರು. ಅರ್ಧ ಮುಗಿದಿರಬೇಕು, ಆಗ ಅವರೇ ಒಂದು ಪ್ರಶ್ನೆ ಕೇಳಿದರು: "ಅಲ್ಲ ಮಾಸ್ಟ್ರೇ, ಇಷ್ಟು ವರ್ಷದಿಂದ ಎಷ್ಟು ಜನ ಬಂದ್ರು, ಎಷ್ಟು ಸಲ ಬರ್ಕೊಂಡು ಹೋದ್ರು. ಬರ್ದದ್ದೆಲ್ಲ ಎಲ್ಲಿಗೆ ಹೋಗ್ತದೆ?"

ಫಾರಂ ಹಿಡಿದು ಬಂದವರೆಲ್ಲ ನಮ್ಮಲ್ಲಿ ಮಾಸ್ಟ್ರು, ಇಲ್ಲದಿದ್ದರೆ ಡಾಕ್ಟ್ರು. ನಾನು ಎರಡೂ ಅಲ್ಲ. ಸರ್ವೆಗಳಲ್ಲಿ ಮಾಹಿತಿ ಸೇರಿಸುವ, ಕಂಪ್ಯೂಟರಿಗೆ ಹಾಕುವ, ಬೇಕಾದವರಿಗೆ ಕಳಿಸುವ ಕೆಲಸ ನನ್ನದು. ಅಂದು ಅವರ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಮೇಲಿನವರಿಗೆ ಕೊಡ್ತೇವೆ ಅಕ್ಕ" ಅಂದೆ. ಅವರು ನಕ್ಕರು. ಆ ನಗು ಈಗಲೂ ಕಣ್ಣ ಮುಂದೆ ಉಂಟು.

ಗಡಿ ಊರುಗಳಲ್ಲಿ ಸರ್ವೆ ಮಾಡುವ ನರ್ಸಿಂಗ್, ಎಂಎಸ್‌ಡಬ್ಲ್ಯೂ, ಪಬ್ಲಿಕ್ ಹೆಲ್ತ್ ವಿದ್ಯಾರ್ಥಿಗಳಿಗೆ, ಊರಿನ ಸಂಘಟನೆಯವರಿಗೆ, ಪಿಎಚ್‌ಸಿಯಲ್ಲಿ ಕೂತು ಸಣ್ಣ ಅಧ್ಯಯನ ಮಾಡುವ ಡಾಕ್ಟರುಗಳಿಗೆ ಈ ಬರಹ. ಸೇರಿಸಿದ ಆರೋಗ್ಯ ಮಾಹಿತಿಯನ್ನು ಬೇರೆಯವರ ಜೊತೆ ಹೇಗೆ ಹಂಚಿಕೊಳ್ಳಬೇಕು, ಎಲ್ಲಿ ಕೈ ತಡೆಯಬೇಕು ಅಂತ ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಬೀಗ ಹಾಕುವುದೂ ತಪ್ಪು ಅಂತ ಒಪ್ಪಿಕೊಳ್ಳಿ

ಗುಟ್ಟು ಕಾಪಾಡುವ ಮಾತು ಬಂದ ಕೂಡಲೇ ಜನ ಎಲ್ಲವನ್ನೂ ಕಪಾಟಿನೊಳಗೆ ಇಟ್ಟು ಬೀಗ ಜಡಿಯುತ್ತಾರೆ. ಕಾಸರಗೋಡಿನವರಿಗೆ ಅದರ ಬೆಲೆ ಗೊತ್ತು.

ಇಲ್ಲಿನ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಪಡ್ರೆಯ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಜನರಿಗೆ ಇಂಥ ಕಾಯಿಲೆಗಳು ಯಾಕೆ ಅಂತ ಕೇಳಿದರು. ಪತ್ರಕರ್ತ ಶ್ರೀಪಡ್ರೆ ಆ ಪ್ರಶ್ನೆಯನ್ನು ಊರಿನ ಹೊರಗೆ ಮುಟ್ಟಿಸಿದರು. ಆಮೇಲೆ ಸಮಿತಿಗಳು, ಅಧ್ಯಯನಗಳು, ಕೋರ್ಟು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಆದೇಶ ಮಾಡಿತು. ಒಬ್ಬ ಹಳ್ಳಿ ಡಾಕ್ಟರ್ ತಾನು ಕಂಡದ್ದನ್ನು ತನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರೆ ಇದೆಲ್ಲ ಶುರುವಾಗುತ್ತಿತ್ತಾ?

ಈಗ ಇದೇ ಕಥೆಯ ಇನ್ನೊಂದು ಮಗ್ಗುಲು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಹುಡುಗರನ್ನು ಪರೀಕ್ಷೆ ಮಾಡಿದರು. ಹೋಲಿಸಿ ನೋಡಲು ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಹುಡುಗರನ್ನೂ ನೋಡಿದರು. ಅಧ್ಯಯನ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು: ಈ ಕಡೆಯ 117 ಹುಡುಗರು, ಆ ಕಡೆಯ 90. ವಯಸ್ಸು 10ರಿಂದ 19. ನೋಡಿದ್ದು ಏನನ್ನು? ರಕ್ತದಲ್ಲಿ ಎಂಡೋಸಲ್ಫಾನ್, ಹಾರ್ಮೋನುಗಳು, ಮತ್ತೆ ಹುಡುಗರು ಎಷ್ಟರ ಮಟ್ಟಿಗೆ ಪ್ರಾಯಕ್ಕೆ ಬಂದಿದ್ದಾರೆ ಎನ್ನುವುದನ್ನು. ಸಿಂಪಡಣೆ ಆದ ಊರಿನ ಹುಡುಗರಲ್ಲಿ ಆ ಬೆಳವಣಿಗೆ ತಡವಾಗಿದೆ ಎಂದು ಅಧ್ಯಯನ ಹೇಳಿತು. ಕೀಟನಾಶಕ ಉದ್ಯಮದ ಕಡೆಯವರು ಒಪ್ಪಲಿಲ್ಲ, ಲೆಕ್ಕವನ್ನು ಪ್ರಶ್ನಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಅಧ್ಯಯನವನ್ನು ಬೇರೆಯವರು ಪರೀಕ್ಷಿಸಬೇಕಾದರೆ ಮೂಲ ಮಾಹಿತಿ ಬೇಕು. ಅದು ನ್ಯಾಯ. ಎದುರು ಪಕ್ಷದವರು ಕೇಳಿದರೂ ನ್ಯಾಯವೇ. ಆದರೆ ಆ ಮೂಲ ಹಾಳೆಯಲ್ಲಿ ಏನಿರುತ್ತದೆ ಯೋಚಿಸಿ. ಊರು ಯಾವುದು ಅಂತ ಲೇಖನದಲ್ಲೇ ಗೊತ್ತಾಗುತ್ತದೆ. ಅದರ ಮೇಲೆ ಹುಡುಗನ ವಯಸ್ಸು, ಎತ್ತರ, ತೂಕ, ಆಮೇಲೆ ಅವನ ದೇಹದ ಅತ್ಯಂತ ಖಾಸಗಿ ಸಂಗತಿ. ಹೆಸರು ಅಳಿಸಿದರೂ ಜೊತೆಗೆ ಓದಿದವರಿಗೆ 13 ವರ್ಷದ, ತರಗತಿಯಲ್ಲೇ ಎತ್ತರದ ಹುಡುಗ ಯಾರು ಅಂತ ಗೊತ್ತಾಗದೇ ಇರುತ್ತದಾ? ಆ ಹುಡುಗರೆಲ್ಲ ಈಗ ಮೂವತ್ತು ದಾಟಿದ ಗಂಡಸರು. ಇದೇ ರಸ್ತೆಗಳಲ್ಲಿ ಬೈಕ್ ಓಡಿಸುತ್ತಾರೆ.

ಹಂಚದಿದ್ದರೆ ಸತ್ಯಕ್ಕೆ ನಷ್ಟ, ಹೇಗೆಂದರೆ ಹಾಗೆ ಹಂಚಿದರೆ ಆ ಹುಡುಗನಿಗೆ ನಷ್ಟ. ಮುಂದಿನ ಹೆಜ್ಜೆಗಳೆಲ್ಲ ಈ ಎರಡರ ನಡುವಿನ ಸಂದಿಯಲ್ಲಿ ನಡೆಯುವಂಥವು.

ಎರಡನೆಯ ಹೆಜ್ಜೆ: ಮನೆಗೆ ಹೋಗುವ ಮೊದಲೇ ತೀರ್ಮಾನ ಮಾಡಿ

ಮಾಹಿತಿ ಸೇರಿಸಿ ಆದ ಮೇಲೆ "ಇದನ್ನು ಯಾರಿಗೆಲ್ಲ ಕೊಡಬಹುದು" ಅಂತ ಯೋಚಿಸುವುದು, ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ಒಂದು ಪುಟದಲ್ಲಿ ಬರೆದಿಡಿ: ಏನು ಕೇಳುತ್ತೇವೆ, ಯಾಕೆ ಕೇಳುತ್ತೇವೆ, ಯಾರು ಇಟ್ಟುಕೊಳ್ಳುತ್ತಾರೆ, ಎಷ್ಟು ವರ್ಷ, ಆಮೇಲೆ ಯಾರಿಗೆ ಸಿಗಬಹುದು. ಯಾಕೆ ಅನ್ನುವ ಜಾಗದಲ್ಲಿ ಉತ್ತರ ಬರೆಯಲು ಆಗದ ಪ್ರಶ್ನೆಯನ್ನು ಫಾರಂನಿಂದಲೇ ತೆಗೆಯಿರಿ. ಸುಮ್ನೆ ಇರಲಿ ಅಂತ ಸೇರಿಸಿದ ಜಾತಿ, ಸಾಲ, ಕುಡಿತದ ಪ್ರಶ್ನೆಗಳೇ ಮುಂದೆ ತಲೆನೋವಾಗುವುದು. ಕೇಳದ ಮಾಹಿತಿ ಸೋರುವುದಿಲ್ಲ.

ಈ ಪುಟವನ್ನು ಎಥಿಕ್ಸ್ ಕಮಿಟಿಯ, ಅಂದರೆ ಅಧ್ಯಯನದಿಂದ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ಸಮಿತಿಯ, ಮುಂದೆ ಇಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು, ಕಾನೂನು ಗೊತ್ತಿದ್ದವರು, ಸಮಾಜ ವಿಜ್ಞಾನದವರು ಸದಸ್ಯರಾಗಿರಬೇಕು. ನಿಮ್ಮ ಸಂಘಟನೆಗೆ ಸ್ವಂತ ಕಮಿಟಿ ಇಲ್ಲದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜಿನ ಕಮಿಟಿಯನ್ನು ಕೇಳಿ. "ನಮ್ಮದು ಸಣ್ಣ ಸರ್ವೆ, ಇದಕ್ಕೆಲ್ಲ ಯಾಕೆ" ಅನ್ನುವವರು ಇದ್ದಾರೆ. ಸಣ್ಣ ಸರ್ವೆಯಲ್ಲೇ ಮನುಷ್ಯನನ್ನು ಗುರುತು ಹಿಡಿಯುವುದು ಸುಲಭ.

ಮೂರನೆಯ ಹೆಜ್ಜೆ: ಒಪ್ಪಿಗೆ, ಅವರ ಮಾತಿನಲ್ಲಿ

ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತೇವೆ. ಫಾರಂ ಮಾತ್ರ ಬರುವುದು ಮಲಯಾಳದಲ್ಲಿ, ತಪ್ಪಿದರೆ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಲು ಬರುವ ಅಜ್ಜಿ, ತುಳು ಮಾತ್ರ ಆಡುವ ಅಜ್ಜ, ಮನೆಯಲ್ಲಿ ಮರಾಠಿಯೋ ಕೊಂಕಣಿಯೋ ಬ್ಯಾರಿಯೋ ಮಾತಾಡುವವರು, ಎಲ್ಲರೂ ಅದರ ಕೆಳಗೆ ಸಹಿ ಹಾಕುತ್ತಾರೆ. ಅದನ್ನು ಒಪ್ಪಿಗೆ ಅಂತ ನಾನು ಕರೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಕೇಳುವಾಗ ಕೊಡುವ ಸೂಚನೆ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಸಿಗಬೇಕು ಅನ್ನುತ್ತದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಆ ಪಟ್ಟಿಯಲ್ಲಿ ಉಂಟು. ತುಳು ಇಲ್ಲ, ಬ್ಯಾರಿ ಇಲ್ಲ. ಹಾಗಾಗಿ ಕಾನೂನು ಪಾಲಿಸಿದರೂ ನಮ್ಮ ಕೆಲಸ ಅರ್ಧವೇ. ಆ ಭಾಷೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಬಾಯಲ್ಲಿ ಹೇಳಿಸಬೇಕು. ಹೇಳುವವರು ಪಕ್ಕದ ಮನೆಯವರಾಗಿದ್ದರೆ ಬೇಡ. ಅವರೆದುರು ಯಾರು ತಾನೇ ಮಗಳ ಕಾಯಿಲೆ ಹೇಳುತ್ತಾರೆ?

ನಾನು ಈಗ ಹೇಳುವುದು ಹೀಗೆ. ಬೇಕಾದರೆ ನಿಮ್ಮ ಊರಿನ ಮಾತಿಗೆ ತಿದ್ದಿಕೊಳ್ಳಿ:

"ಅಕ್ಕ, ನೀವು ಹೇಳಿದ್ದನ್ನು ಬರೆದುಕೊಳ್ತೇನೆ. ನಿಮ್ಮ ಹೆಸರು, ಫೋನ್ ನಂಬರ್ ಇರುವ ಹಾಳೆ ಬೇರೆ ಇರ್ತದೆ, ಅದನ್ನು ಯಾರಿಗೂ ಕೊಡುವುದಿಲ್ಲ. ಉಳಿದದ್ದನ್ನು, ಹೆಸರಿಲ್ಲದೆ, ಬೇರೆ ಊರಿನ, ಬೇರೆ ದೇಶದ ಡಾಕ್ಟ್ರುಗಳೂ ಮುಂದೆ ನೋಡಬಹುದು. ಹೆಸರಿಲ್ಲದಿದ್ದರೂ ಇದು ಇಂಥವರ ಮನೆ ಅಂತ ಯಾರಾದರೂ ಊಹೆ ಮಾಡಬಹುದು, ಅಷ್ಟು ಅಪಾಯ ಉಂಟು. ಇದರಿಂದ ಪಿಂಚಣಿಯೋ ಪರಿಹಾರವೋ ಸಿಗ್ತದೆ ಅಂತ ನಾನು ಹೇಳುವುದಿಲ್ಲ. ಬೇಡ ಅಂದ್ರೂ ಕ್ಯಾಂಪಿನಲ್ಲಿ ಮದ್ದು ಸಿಗ್ತದೆ. ನಮಗೆ ಮಾತ್ರ ಸಾಕು, ಹೊರಗೆ ಕೊಡಬೇಡಿ ಅಂತಲೂ ಹೇಳಬಹುದು. ಮುಂದಿನ ತಿಂಗಳ ಕೊನೆಯೊಳಗೆ ಮನಸ್ಸು ಬದಲಾದರೆ ಈ ನಂಬರಿಗೆ ಫೋನ್ ಮಾಡಿ, ತೆಗೀತೇನೆ. ಹೊರಗೆ ಹೋದ ಮೇಲೆ ವಾಪಸು ತರಲಿಕ್ಕೆ ನನ್ನಿಂದ ಆಗುವುದಿಲ್ಲ."

ಕೊನೆಯ ಎರಡು ವಾಕ್ಯ ಬಿಡಬೇಡಿ. "ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು" ಅಂತ ಫಾರಂಗಳಲ್ಲಿ ಬರೆದಿರುತ್ತದೆ. ಈಗಾಗಲೇ ನಾಲ್ಕು ಕಡೆ ಕಳಿಸಿದ ಫೈಲಿನಿಂದ ಒಂದು ಸಾಲನ್ನು ವಾಪಸು ತರುವುದು ಹೇಗೆ? ಆಗದ ಮಾತು ಕೊಡಬೇಡಿ.

ಪಂಚಾಯತ್ ಅಧ್ಯಕ್ಷರೋ ಊರಿನ ಹಿರಿಯರೋ ಒಪ್ಪಿದರು ಅಂತ ಮನೆಯವರ ಒಪ್ಪಿಗೆ ಬಿಡುವ ಹಾಗಿಲ್ಲ. ಓದು ಬಾರದವರು ಹೆಬ್ಬೆಟ್ಟು ಹಾಕುವಾಗ ನಿಮ್ಮ ತಂಡದವರಲ್ಲದ ಒಬ್ಬ ಸಾಕ್ಷಿ ಇರಬೇಕು. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಸಾಲದು. ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದವರನ್ನು ಬಾಯಿ ಮಾತಿನಲ್ಲಿ ಕೇಳಬೇಕು, ಅದಕ್ಕಿಂತ ದೊಡ್ಡವರಿಂದ 18ರವರೆಗೆ ಬರಹದಲ್ಲೇ ಒಪ್ಪಿಗೆ ತೆಗೆದುಕೊಳ್ಳಬೇಕು.

ಫೋಟೊ ಕೂಡ ಮಾಹಿತಿಯೇ ಅನ್ನುವುದು ನೆನಪಿರಲಿ. ಎಂಡೋಸಲ್ಫಾನ್ ಸುದ್ದಿಯ ಜೊತೆ, ತಲೆ ದೊಡ್ಡದಾದ ಮಗುವಿನ ಚಿತ್ರ ಲೋಕಕ್ಕೆಲ್ಲ ಹೋಯಿತು. ಅದರಿಂದ ಜನ ನಮ್ಮ ಕಡೆ ತಿರುಗಿ ನೋಡಿದ್ದು ನಿಜ. ಒಂದು ಸಲ "ಸರಿ" ಅಂದ ತಾಯಿ ಹತ್ತು ವರ್ಷ ಕಳೆದ ಮೇಲೂ ಸರಿ ಅನ್ನುತ್ತಾಳೆ ಅಂತ ತಿಳಿಯಬೇಡಿ, ಪ್ರತಿ ಸಲ ಕೇಳಿ. "ನಮ್ಮ ಹೆಸರು ಹಾಕಿಯೇ ಬರೆಯಿರಿ, ಮುಚ್ಚಿಡಲಿಕ್ಕೆ ನಾವೇನು ತಪ್ಪು ಮಾಡಿದ್ದೇವಾ" ಅಂದ ಮನೆಯವರನ್ನೂ ನೋಡಿದ್ದೇನೆ. ಅವರ ಮಾತಿಗೂ ಬೆಲೆ ಇದೆ. ಎಲ್ಲರ ಮುಖವನ್ನೂ ಮಸುಕು ಮಾಡುವುದೇ ಧರ್ಮ ಅಂತ ನಾನು ಹೇಳಲಾರೆ.

ನಾಲ್ಕನೆಯ ಹೆಜ್ಜೆ: ಹೆಸರು ತೆಗೆದರೆ ಸಾಲದು

ಈ ಹೆಜ್ಜೆಗೆ ನಾನು ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಒಂದು ಸಭೆಗೆ ಬೇಕು ಅಂತ ಎಕ್ಸೆಲ್ ಶೀಟನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಸರು, ಮನೆ ನಂಬರಿನ ಕಾಲಂಗಳನ್ನು ಮರೆ ಮಾಡಿದ್ದೆ, ಅಂದರೆ ಮೌಸಿನಲ್ಲಿ ಒತ್ತಿ 'ಹೈಡ್' ಕೊಟ್ಟಿದ್ದೆ ಅಷ್ಟೆ. ಅಳಿಸಿರಲಿಲ್ಲ. ಗ್ರೂಪಿನಲ್ಲಿದ್ದ ಯಾರೋ ಅದನ್ನು ತೆರೆದು ನೋಡಿದರು, ಅಲ್ಲಿಂದ ಇನ್ನೊಂದು ಗ್ರೂಪಿಗೆ ಹೋಯಿತು. ಕೆಲವು ವಾರ ಕಳೆದ ಮೇಲೆ ಒಂದು ಮನೆಯ ತಂದೆ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಘಟ್ಟದ ಬುಡದ ಕಡೆಯಿಂದ ಮಗಳನ್ನು ನೋಡಲು ಬಂದಿದ್ದವರು ಹಿಂದೆ ಸರಿದಿದ್ದರು. "ನಿಮ್ಮ ಮನೆಯಲ್ಲಿ ಫಿಟ್ಸ್ ಇದ್ದವರು ಇದ್ದಾರಂತಲ್ಲ, ಲಿಸ್ಟಿನಲ್ಲಿ ಉಂಟಂತಲ್ಲ" ಅಂತ ಕೇಳಿದರಂತೆ. ನನ್ನ ಶೀಟಿನಿಂದಲೇ ಅದು ಹೋಯಿತಾ, ಬೇರೆ ಬಾಯಿಂದಲಾ, ಗೊತ್ತಿಲ್ಲ. ಆ ಮನುಷ್ಯ ಬೈಯಲಿಲ್ಲ. "ಬರೆಯುವಾಗ ಯಾರಿಗೂ ಹೇಳುವುದಿಲ್ಲ ಅಂದಿದ್ರಿ" ಅಂದರು, ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ಹಾಗಾಗಿ ಮೊದಲನೆಯ ನಿಯಮ: ಎರಡು ಫೈಲು. ಒಂದರಲ್ಲಿ ಹೆಸರು, ಫೋನು, ಮನೆ ನಂಬರು, ರೇಷನ್ ಕಾರ್ಡು ಮತ್ತು ನೀವು ಕೊಟ್ಟ ಒಂದು ಸಂಕೇತ ಸಂಖ್ಯೆ. ಇನ್ನೊಂದರಲ್ಲಿ ಆ ಸಂಖ್ಯೆ ಮತ್ತು ಉತ್ತರಗಳು ಮಾತ್ರ. ಎರಡೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಪೆನ್ ಡ್ರೈವಿನಲ್ಲಿ ಇರಬಾರದು. ಮೊದಲನೆಯದಕ್ಕೆ ಪಾಸ್‌ವರ್ಡ್ ಹಾಕಿ, ತಂಡದಲ್ಲಿ ಇಬ್ಬರ ಹತ್ತಿರ ಮಾತ್ರ ಇಡಿ. ಸಂಕೇತ ಸಂಖ್ಯೆಯನ್ನು ವಾರ್ಡು ಮತ್ತು ಮನೆ ನಂಬರು ಸೇರಿಸಿ ಮಾಡಬೇಡಿ. ಇದನ್ನು ಬುದ್ಧಿವಂತಿಕೆ ಅಂತ ಮಾಡುವವರು ತುಂಬಾ ಜನ. ಕಳಿಸುವಾಗ ಎಕ್ಸೆಲ್ ಫೈಲನ್ನೇ ಕಳಿಸುವ ಬದಲು, ಬೇಡದ ಕಾಲಂ ಅಳಿಸಿ ಸಿಎಸ್‌ವಿ, ಅಂದರೆ ಬರೀ ಅಕ್ಷರ, ಅಂಕಿ ಮಾತ್ರ ಇರುವ ಫೈಲು, ಮಾಡಿ ಕಳಿಸಿ. ಅದರಲ್ಲಿ ಮರೆಯಾಗಿ ಉಳಿಯುವ ಕಾಲಂ ಇರುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಮಾತ್ರ ಯಾವತ್ತೂ ಹಾಕಬೇಡಿ.

ಇನ್ನು ಹೆಸರಿಲ್ಲದ ಫೈಲು. ನಾನೇ ಕಟ್ಟಿದ ಒಂದು ಸಾಲು ನೋಡಿ: ವಾರ್ಡು 7, ಹೆಣ್ಣು, 34 ವರ್ಷ, ಮನೆಮಾತು ಮರಾಠಿ, ಮದುವೆ ಆಗಿಲ್ಲ, ನೀರು ಸುರಂಗದ್ದು, ಕಾಯಿಲೆ ಫಿಟ್ಸ್. ಹೆಸರಿಲ್ಲ. ಆದರೆ ಆ ವಾರ್ಡಿನ ಯಾರಿಗೆ ತೋರಿಸಿದರೂ ಹೆಸರು ಹೇಳಿಯಾರು. ಸುರಂಗದ ನೀರು ಕುಡಿಯುವ ಮರಾಠಿ ಮನೆಗಳು ಒಂದು ವಾರ್ಡಿನಲ್ಲಿ ಎಷ್ಟು ಇದ್ದಾವು?

ಇದು ಹಳ್ಳಿಯ ತೊಂದರೆ ಮಾತ್ರ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ಸರಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರಿಗೆ ಮತದಾರರ ಪಟ್ಟಿ ಕೊಂಡು ಎರಡನ್ನೂ ಪಕ್ಕ ಪಕ್ಕ ಇಟ್ಟರು. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಪಿನ್‌ಕೋಡ್, ಈ ಮೂರರಿಂದಲೇ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಸಿಕ್ಕಿತು. ಅವರಿಗೆ ಮತದಾರರ ಪಟ್ಟಿ ಬೇಕಾಯಿತು. ನಮ್ಮಲ್ಲಿ ಹಾಲಿನ ಸೊಸೈಟಿ ಎದುರು ಐದು ನಿಮಿಷ ನಿಂತರೆ ಸಾಕು.

ಸರಿ, ಆ ಸಾಲನ್ನು ಏನು ಮಾಡುವುದು? ವಾರ್ಡು ತೆಗೆದು ಪಂಚಾಯತ್ ಇಡಿ, ಆಗದಿದ್ದರೆ ಎರಡು ಮೂರು ಪಂಚಾಯತ್ ಸೇರಿಸಿ ಒಂದು ಗುಂಪು ಮಾಡಿ. 34ನ್ನು "30ರಿಂದ 39" ಮಾಡಿ. ಮನೆಮಾತು ನಿಮ್ಮ ಅಧ್ಯಯನಕ್ಕೆ ಬೇಡವಾದರೆ ಅಳಿಸಿ. ನೀರಿನ ಮೂಲವೇ ನಿಮ್ಮ ಅಧ್ಯಯನದ ವಿಷಯವಾದರೆ ಅದನ್ನು ತೆಗೆಯಲು ಆಗುವುದಿಲ್ಲ. ಆಗ ಬೇರೆ ಏನನ್ನಾದರೂ ಬಿಟ್ಟುಕೊಡಬೇಕು, ಮದುವೆಯ ಕಾಲಂ ಇರಬಹುದು. ಎಲ್ಲವನ್ನೂ ಇಟ್ಟುಕೊಂಡು ಗುಟ್ಟನ್ನೂ ಇಟ್ಟುಕೊಳ್ಳುತ್ತೇನೆ ಅಂದರೆ ನಡೆಯದು.

ಆಮೇಲೆ ಎಣಿಸಿ. ಉಳಿದ ಕಾಲಂಗಳನ್ನು ಒಟ್ಟು ಸೇರಿಸಿ ನೋಡಿದಾಗ ಒಂದೇ ತರದವರು ಕನಿಷ್ಠ ಐದು ಜನ ಇದ್ದಾರಾ? ಇಲ್ಲದಿದ್ದರೆ ಗುಂಪನ್ನು ಇನ್ನೂ ದೊಡ್ಡದು ಮಾಡಿ. ಐದು ಅನ್ನುವುದು ರೂಢಿಯ ಲೆಕ್ಕ ಅಷ್ಟೆ, ಸೂಕ್ಷ್ಮ ವಿಷಯವಾದರೆ ಹತ್ತು ಇಟ್ಟುಕೊಳ್ಳಿ. ಐದಕ್ಕೆ ಐದು ಜನರಿಗೂ ಒಂದೇ ಕಾಯಿಲೆ ಇದ್ದರೆ ಎಣಿಕೆ ಉಪಯೋಗಕ್ಕಿಲ್ಲ. ಯಾರು ಅಂತ ಗೊತ್ತಾಗದಿದ್ದರೂ ಏನು ಅಂತ ಗೊತ್ತಾಯಿತಲ್ಲ.

ಜನಗಣತಿಯಷ್ಟು ದೊಡ್ಡದಲ್ಲದಿದ್ದರೂ ಲಕ್ಷಾಂತರ ಮನೆಗಳಿಗೆ ಹೋಗುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥದ್ದರಲ್ಲೂ ಜಾಗದ ಗುರುತನ್ನು ಹಾಗೇ ಕೊಡುವುದಿಲ್ಲ. ಇಂಥ ಸಮೀಕ್ಷೆಗಳಲ್ಲಿ ಜಿಪಿಎಸ್ ಬಿಂದುವನ್ನು ಬೇಕೆಂದೇ ಆಚೀಚೆ ಸರಿಸುತ್ತಾರೆ: ಪೇಟೆಯಲ್ಲಿ 2 ಕಿಲೋಮೀಟರಿನವರೆಗೆ, ಹಳ್ಳಿಯಲ್ಲಿ 5 ಕಿಲೋಮೀಟರಿನವರೆಗೆ, ಹಳ್ಳಿಗಳಲ್ಲೂ ನೂರಕ್ಕೆ ಒಂದನ್ನು 10 ಕಿಲೋಮೀಟರಿನವರೆಗೆ. ನಮ್ಮ ಗುಡ್ಡೆಗಳ ನಡುವೆ ಒಂಟಿ ಮನೆಗಳೇ ಜಾಸ್ತಿ. ಇಲ್ಲಿ ಜಿಪಿಎಸ್ ಬಿಂದು ಅಂದರೆ ಮನೆಯ ಹೆಸರೇ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ ಫೋಟೊ ತೆಗೆಯಿರಿ.

ಎಲ್ಲಕ್ಕಿಂತ ಅಪಾಯದ ಕಾಲಂ ಯಾವುದು ಗೊತ್ತಾ? ಕೊನೆಯದ್ದು, "ಇತರೆ ವಿವರ". ಬರೆಯುವವರು ಒಳ್ಳೆಯ ಮನಸ್ಸಿನಿಂದ ಎಲ್ಲ ಬರೆದಿರುತ್ತಾರೆ: ಗಂಡ ಗಲ್ಫಿನಲ್ಲಿ, ಮೈದುನ ಹಿಂದಿನ ಮೆಂಬರು, ಶಾಲೆಯ ಹಿಂದಿನ ಮನೆ. ಅದನ್ನು ಪೂರ್ತಿ ಓದಿ, ಪೂರ್ತಿ ತೆಗೆಯಿರಿ. ಹೆರಿಗೆಯ, ಸಾವಿನ, ಕ್ಯಾಂಪಿನ ದಿನಾಂಕಗಳನ್ನು ತಿಂಗಳಿಗೋ ವರ್ಷಕ್ಕೋ ಇಳಿಸಿ.

ಕೊರಗ ಸಮುದಾಯದ ಬಗ್ಗೆ ಒಂದು ಮಾತು. ಸರಕಾರ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಗುರುತಿಸಿದ ಸಮುದಾಯ ಅದು. ಅವರ ಸಂಖ್ಯೆ ಎಷ್ಟು ಕಡಿಮೆ ಅಂದರೆ, ಹೆಸರು, ಊರು ಎಲ್ಲ ತೆಗೆದರೂ "ಕೊರಗರಲ್ಲಿ ಇಂಥ ಕಾಯಿಲೆ" ಅನ್ನುವ ಒಂದೇ ಸಾಲು ಇಡೀ ಸಮುದಾಯದ ಮೇಲೆ ಕೂರುತ್ತದೆ. ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯ್ ಎಂಬ ಸಣ್ಣ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಮೂಲ ವಲಸೆಯ ಅಧ್ಯಯನಕ್ಕೂ ಬಳಸಿದ್ದು ಆಮೇಲೆ ಗೊತ್ತಾಯಿತು. ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು, ಉಳಿದ ರಕ್ತದ ಮಾದರಿಗಳನ್ನು ಹಿಂದಿರುಗಿಸಿತು. ಸಮುದಾಯದ ಹೆಸರು ಹಾಕಿ ಹಂಚುವ ಮೊದಲು ಮನೆ ಮನೆಯ ಒಪ್ಪಿಗೆಯ ಜೊತೆಗೆ ಸಮುದಾಯದವರನ್ನು ಒಟ್ಟು ಕೂರಿಸಿ ಕೇಳಿ. ಬೇಡ ಅಂದರೆ ಬಿಡಿ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ತಂಡದಲ್ಲಿರುವ, ಅದೇ ಊರಿನ ಒಬ್ಬರಿಗೆ ಫೈಲು ಕೊಟ್ಟು "ಇದರಲ್ಲಿ ನಿಮಗೆ ಯಾರ ಗುರುತಾದರೂ ಸಿಗ್ತದಾ ನೋಡಿ" ಅನ್ನಿ. ನನ್ನ ಅನುಭವದಲ್ಲಿ ಮೊದಲ ಸಲ ಸಿಕ್ಕೇ ಸಿಗುತ್ತದೆ. ಹಿಂದೆ ಹೋಗಿ, ಇನ್ನೊಮ್ಮೆ ಮಾಡಿ.

ಐದನೆಯ ಹೆಜ್ಜೆ: ಯಾರಿಗೆ, ಯಾವ ಶರತ್ತಿನಲ್ಲಿ

ಮನೆಯಲ್ಲಿ ಅಂಗಳ, ಜಗಲಿ, ಒಳಕೋಣೆ ಅಂತ ಇರುವುದಿಲ್ಲವಾ, ಹಾಗೆ. ಒಟ್ಟು ಲೆಕ್ಕದ ಪಟ್ಟಿಗಳು ಅಂಗಳದಲ್ಲಿರಲಿ, ಯಾರು ಬೇಕಾದರೂ ನೋಡಲಿ. ಹೆಸರು ತೆಗೆದು ಸೋಸಿದ ಫೈಲು ಜಗಲಿಯಲ್ಲಿ: ಬಂದವರು ಯಾರು, ಯಾಕೆ ಬಂದರು ಅಂತ ಕೇಳಿ ಕೊಡುವಂಥದ್ದು. ಹೆಸರಿನ ಫೈಲು ಒಳಕೋಣೆಯದ್ದು. ಎಚ್‌ಐವಿ ವಿಷಯವಂತೂ ಒಳಗೇ ಇರಬೇಕು, ಒಪ್ಪಿಗೆ ಇಲ್ಲದೆ ಅದನ್ನು ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆಯೇ ತಡೆಯುತ್ತದೆ.

ಜಗಲಿಯ ಫೈಲು ಕೊಡುವಾಗ ಒಂದು ಪುಟದ ಒಪ್ಪಂದ ಸಾಕು. ಬೇರೆ ಕೆಲಸಕ್ಕೆ ಬಳಸುವುದಿಲ್ಲ, ಮೂರನೆಯವರಿಗೆ ಕೊಡುವುದಿಲ್ಲ, ಯಾರ ಗುರುತೂ ಹುಡುಕುವುದಿಲ್ಲ, ಕೆಲಸ ಮುಗಿದ ಮೇಲೆ ಅಳಿಸುತ್ತೇವೆ, ಸಿಕ್ಕಿದ್ದನ್ನು ನಿಮಗೆ ಮೊದಲು ಹೇಳುತ್ತೇವೆ. ಸಹಿ, ದಿನಾಂಕ. "ನಂಬಿಕೆ ಇಲ್ವಾ?" ಅಂತ ಕೇಳುವವರೂ ಇರುತ್ತಾರೆ, ಜಾಸ್ತಿ ದೊಡ್ಡ ಸಂಸ್ಥೆಯವರೇ. ನಂಬಿಕೆ ಇಡಬೇಕಾದ್ದು ನೀವಲ್ಲ, ಜಗಲಿಯಲ್ಲಿ ಕೂತು ಉತ್ತರ ಕೊಟ್ಟವರು.

ಕೋವಿಡ್ ಕಾಲ ನೆನಪಿದೆಯಾ? ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಾವು ಒದ್ದಾಡಿದ ದಿನಗಳವು. ಅದೇ ಹೊತ್ತಿಗೆ ಕೇರಳ ಸರಕಾರ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಯ ಮೂಲಕ ಕೋವಿಡ್ ಮಾಹಿತಿ ಸೇರಿಸುತ್ತಿದ್ದದ್ದು ದೊಡ್ಡ ವಿವಾದವಾಯಿತು. 2020ರ ಏಪ್ರಿಲ್ 24ರಂದು ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಗುರುತು ಅಳಿಸಿದ ಮೇಲೆಯೇ ಕಂಪನಿಯ ಕೈಗೆ ಮಾಹಿತಿ ಸಿಗಬೇಕು, ಜನರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ತುರ್ತು ಅನ್ನುವ ಕಾರಣಕ್ಕೆ ಒಪ್ಪಿಗೆ ಬಿಡುವ ಹಾಗಿಲ್ಲ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಅದು.

ವಿದೇಶದವರ ಜೊತೆ ಕೆಲಸ ಮಾಡುವುದಾದರೆ ಇನ್ನೂ ಕೆಲವು ಮಾತು. ಅಂಥ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಐಸಿಎಂಆರ್ ಮೂಲಕ ಹೋಗುತ್ತದೆ. ಅದು ಕಾಗದದ ಕೆಲಸ. ಮನಸ್ಸಿನ ಕೆಲಸ ಬೇರೆ ಉಂಟು: ಬಿಸಿಲಲ್ಲಿ ಗುಡ್ಡೆ ಹತ್ತಿದವರು ನಾವು, ಲೇಖನ ಬರೆಯುವವರು ಅವರು, ಔಷಧಿ ಮಾಡುವವರು ಇನ್ಯಾರೋ. 2007ರಲ್ಲಿ ಇಂಡೊನೇಷ್ಯಾದ ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿ ಇದೇ ಸಿಟ್ಟಿನಲ್ಲಿ ಹಕ್ಕಿಜ್ವರದ ವೈರಸ್ ಮಾದರಿ ಹೊರಗೆ ಕಳಿಸುವುದನ್ನು ನಿಲ್ಲಿಸಿದರು. ನಮ್ಮ ವೈರಸ್ಸಿನಿಂದ ಲಸಿಕೆ ಮಾಡಿ ನಮಗೇ ದುಬಾರಿಗೆ ಮಾರುತ್ತೀರಿ ಅನ್ನುವುದು ಅವರ ವಾದ. ಲೋಕವೆಲ್ಲ ಬೈಯಿತು. ಮಾದರಿ ಸಿಗದಿದ್ದರೆ ರೋಗದ ಮೇಲೆ ಕಣ್ಣಿಡುವುದು ಕಷ್ಟ, ಆ ಬೈಗುಳದಲ್ಲೂ ಹುರುಳಿತ್ತು. ಆದರೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮಾದರಿ ಕೊಟ್ಟ ದೇಶಗಳಿಗೂ ಲಸಿಕೆಯ ಪಾಲು ಸಿಗುವ ವ್ಯವಸ್ಥೆ ಮಾಡಿದ್ದು ಆ ಜಗಳದಿಂದಲೇ.

ನಾವು ಅಷ್ಟು ದೊಡ್ಡ ಜಗಳ ಮಾಡಬೇಕಾಗಿಲ್ಲ. ಮೊದಲೇ ಬರೆಸಿಕೊಂಡರೆ ಸಾಕು: ಮೊದಲ ಒಂದು ವರ್ಷ ಬರೆಯುವ ಹಕ್ಕು ಇಲ್ಲಿನ ತಂಡಕ್ಕೆ, ಲೇಖಕರ ಸಾಲಿನಲ್ಲಿ ಇಲ್ಲಿಯವರ ಹೆಸರು, ಲೆಕ್ಕ ಮಾಡುವ ವಿದ್ಯೆಯನ್ನು ಇಲ್ಲಿಯ ಹುಡುಗರಿಗೂ ಕಲಿಸುವುದು. ಮನೆ ಮನೆಗೆ ದಾರಿ ತೋರಿಸಿದ ಆಶಾ ಕಾರ್ಯಕರ್ತೆಯರಿಗೆ, ಪಾಲಿಯೇಟಿವ್ ನರ್ಸುಗಳಿಗೆ ಒಂದು ಸಾಲು ಧನ್ಯವಾದವಾದರೂ ಇರಲಿ. ಅವರನ್ನೂ ಕೇಳಿಯೇ ಹಾಕಿ. ಆಶಾ ಕಾರ್ಯಕರ್ತೆಯ ಹೆಸರು ಹಾಕಿದರೆ ವಾರ್ಡು ಯಾವುದು ಅಂತ ತಿಳಿದು ಹೋಗುತ್ತದೆ.

ಕೊನೆಯ ಹೆಜ್ಜೆ: ವಾಪಸು ಹೋಗಿ

ಹೆಚ್ಚಿನವರು ಬಿಡುವುದು ಇದನ್ನೇ. ಫಲಿತಾಂಶ ಬಂದ ಮೇಲೆ ಅದೇ ಮನೆಗಳಿಗೆ ಹೋಗಬೇಕು, ಲೇಖನ ಅಚ್ಚಾಗುವ ಮೊದಲು. ಇಂಗ್ಲಿಷ್ ಲೇಖನದ ಜೆರಾಕ್ಸ್ ಕೊಡಬೇಡಿ. ದೊಡ್ಡ ಅಕ್ಷರದಲ್ಲಿ ಕನ್ನಡದ ಒಂದು ಹಾಳೆ, ಮಲಯಾಳದ್ದು ಬೇಕಾದವರಿಗೆ ಅದು, ತುಳುವಿನವರಿಗೆ ಕೂತು ಹೇಳುವುದು. ಹಾಳೆಯಲ್ಲಿ ಯಾರ ಮನೆಯ ವಿಷಯವೂ ಬೇಡ, ಒಟ್ಟು ಲೆಕ್ಕ ಮಾತ್ರ. ಯಾರಿಗಾದರೂ ಚಿಕಿತ್ಸೆ ಬೇಕಾದ ಸಂಗತಿ ಕಂಡಿದ್ದರೆ ಅದನ್ನು ಅವರಿಗೆ ಮಾತ್ರ, ಒಳಗೆ ಕರೆದು, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಸೇರಿಸಿ ಹೇಳಿ. ಅಡಿಕೆ ಕೊಯ್ಲಿನ ಹೊತ್ತಿಗೆ ಹೋಗಬೇಡಿ, ಯಾರೂ ಸಿಗುವುದಿಲ್ಲ.

ಹಾಳೆಯ ಕೆಳಗೆ ನಾನು ಈಗ ಒಂದು ಪಟ್ಟಿ ಹಾಕುತ್ತೇನೆ: ಈ ಮಾಹಿತಿ ಇಲ್ಲಿಯವರೆಗೆ ಯಾರ್‍ಯಾರ ಕೈಗೆ ಹೋಗಿದೆ. ಎಣ್ಮಕಜೆಯ ಆ ಅಕ್ಕನ ಮನೆಗೂ ಒಯ್ದೆ. ಮೇಲಿನ ಲೆಕ್ಕವನ್ನೆಲ್ಲ ಅವರು ಬೇಗ ಓದಿ ಮುಗಿಸಿದರು. ಕೆಳಗಿನ ಪಟ್ಟಿಗೆ ಬಂದಾಗ ಬೆರಳಿಟ್ಟು ಓದಿದರು. ಮೂರು ಹೆಸರಿತ್ತು.

"ಈ ಮೂರನೆಯವರು ಯಾರು?"

ಬೆಂಗಳೂರಿನಲ್ಲಿ ಇದೇ ತರದ ಅಧ್ಯಯನ ಮಾಡುವವರು, ಹೆಸರಿಲ್ಲದ್ದನ್ನು ಮಾತ್ರ ಕೊಟ್ಟದ್ದು, ಒಪ್ಪಂದ ಉಂಟು ಅಂದೆ. ಅವರು ಹಾಳೆಯನ್ನು ಮಡಚಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

"ನಾಲ್ಕನೆಯವರಿಗೆ ಕೊಡುವುದಾದ್ರೆ ಬಂದು ಹೇಳಿ. ಈಗ ಕೂತ್ಕೊಳ್ಳಿ, ಚಾ ಇಡ್ತೇನೆ."